ಮುಕ್ಕಾಲಿಯ ಮೇಲೆ ಕೂತವರು

ಚೇರಂಬಾಣೆ,
೧೨ನೇ ಜನವರಿ ೧೯೩೮

ಮಾನ್ಯ ಮೊಣ್ಣಪ್ಪನವರಿಗೆ,

ನೀವು ನನ್ನ ತಲೆ ಅಳೆದು ಹೋಗಿ ಎರಡು ತಿಂಗಳಾಯಿತು. ನನ್ನ ನೆನಪು ನಿಮಗಿರಲಾರದು. ಆ ವಾರ ಈ ನಾಡಿನಲ್ಲಿ ಎಷ್ಟೋ ತಲೆಗಳನ್ನು ಅಳೆದಿರಿ, ಮುಖ ನೋಡಿದ್ದು ಕಡಿಮೆ. ಕಲ್ಲುಬೈಲು ದೇರಪ್ಪನವರ ಮಗಳು ಯಮುನ ಎಂದರೆ ಗೊತ್ತಾಗದಿದ್ದರೆ, ಅಳತೆಯ ನಡುವೆ ಸೀನಿದವಳು ಎಂದರೆ ಗೊತ್ತಾದೀತು. ಸೀನಿದ್ದಕ್ಕೆ ನೀವು ಮೊದಲಿನಿಂದ ಇನ್ನೊಮ್ಮೆ ಅಳೆದಿರಿ.

ನಿಮ್ಮ ಸೋದರಮಾವ ಜಯಪ್ಪನವರು ಜೊತೆಗಿದ್ದರೆಂದೇ ಅಪ್ಪ ನಿಮ್ಮನ್ನು ಬರಮಾಡಿಕೊಂಡರು. ಗಂಡಸರ ಅಳತೆ ಜಗಲಿಯಲ್ಲಿ ಮುಗಿಯಿತು. ಹೆಂಗಸರು ಜಗಲಿಗೆ ಬರುವ ಹಾಗಿಲ್ಲ ಎಂದು ಅಜ್ಜಿ ಹೇಳಿದ್ದಕ್ಕೆ ನೀವು ಒಳಗೆ ಬಂದಿರಿ. ಬೆನ್ನು ಆನಿಸಲು ಹಲಗೆಯಿಲ್ಲದ ಆಸನ ಬೇಕು ಎಂದಿರಿ. ನಮ್ಮ ಮನೆಯಲ್ಲಿ ಅಂಥದ್ದು ಒಂದೇ, ಅಟ್ಟದ ಮೇಲಿದ್ದ, ಮದುವೆಯಲ್ಲಿ ಮದುಮಗಳನ್ನು ಕೂರಿಸುವ ಮುಕ್ಕಾಲಿ. ಅದರ ಒಂದು ಕಾಲು ಸಡಿಲ, ಆದರೂ ಇಳಿಸಿ ತಂದರು. ಕತ್ತಲು ಎಂದಿರಿ, ತೂಗುದೀಪ ಹಚ್ಚಿದರು. ಬಾಗಿಲ ಬೆಳಕಿಗೆ ಮುಖ ಮಾಡಿ ಕೂರಲಿ ಎಂದಿರಿ. ನಮ್ಮ ಬಾಗಿಲು ಮೂಡಣಕ್ಕೆ. ಆಮೇಲೆ ನಿಮ್ಮ ಫಾರಮ್ಮಿನ ಕ್ರಮದಲ್ಲಿ ಮೊದಲು ಮೊಣಕಾಲು, ನಂತರ ಭುಜ, ಕೊನೆಗೆ ತಲೆ ಮುಟ್ಟಿದಿರಿ. ನಿಮ್ಮ ಮಾವ ಪಕ್ಕದಲ್ಲಿ ನಿಂತಿದ್ದರು.

ಮಜ್ಜಿಗೆಗೆಂದು ಬಂದಿದ್ದ ಅಂಗಡಿಯ ರುದ್ರಮ್ಮ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಅವರು ಸೋಮವಾರಪೇಟೆ ಕಡೆಯವರು, ಗಂಟಲು ದೊಡ್ಡದು. ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಯಿತು: "ಕಲ್ಲುಬೈಲಲ್ಲಿ ಮದುವೇನೇ ಆಗೋಯ್ತು ಕಣ್ರೀ. ಅಕ್ಕಿ ಒಂದು ಹಾಕಿಲ್ಲ ಅಷ್ಟೆ."

ಚೆಟ್ಟಳ್ಳಿಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಜೊತೆ ನನ್ನ ಸಂಬಂಧದ ಮಾತು ನಡೆದಿತ್ತು. ಒಮ್ಮೆ ಮುಕ್ಕಾಲಿ ಮೇಲೆ ಕೂತ ಹುಡುಗಿ ನಮಗೆ ಬೇಡ ಎಂದು ಅವರು ಹೇಳಿ ಕಳಿಸಿದರು. ಅದಕ್ಕೆ ನಾನು ಅಳಲಿಲ್ಲ. ಆದರೆ ಇಲ್ಲಿಯ ಶಾಲೆಯಲ್ಲಿ ನನಗೆ ಕೆಲಸ ಕೊಡುತ್ತೇವೆಂದಿದ್ದ ಹಿರಿಯರು ಕೂಡ, "ನಿನ್ನ ವಿಷಯ ಮೊದಲು ಇತ್ಯರ್ಥ ಆಗಲಿ" ಎನ್ನುತ್ತಿದ್ದಾರೆ. ಮಡಿಕೇರಿಯಲ್ಲಿ ಮೆಟ್ರಿಕ್ ಮಾಡಿದವಳು ಈಗ ಮದುವೆಯಾದವಳೂ ಅಲ್ಲ, ಆಗದವಳೂ ಅಲ್ಲ. ನಿಮ್ಮ ಅಳತೆಯಲ್ಲಿ ಇದಕ್ಕೊಂದು ಹೆಸರಿದ್ದರೆ ತಿಳಿಸಿ.

ನೀವು ಮಾಡಿದ್ದು ಏನು, ಯಾಕೆ ಎಂದು ಅಪ್ಪನಿಗೆ ಅರ್ಥವಾಗುವ ಹಾಗೆ ಒಂದು ಕಾಗದ ಬರೆಯಬೇಕು. ಇಷ್ಟೇ ನನ್ನ ಕೋರಿಕೆ. ಇದನ್ನು ಅಪ್ಪನಿಗೆ ಓದಿ ಹೇಳಿಯೇ ಅಂಚೆಗೆ ಹಾಕುತ್ತಿದ್ದೇನೆ.

ಇತಿ,
ಯಮುನ


ಕಲ್ಕತ್ತಾ,
೨ನೇ ಫೆಬ್ರವರಿ ೧೯೩೮

ಕುಮಾರಿ ಯಮುನ ಅವರಿಗೆ,

ತಮ್ಮ ಕಾಗದ ತಲುಪಿತು. ಸೀನಿದ್ದು ನೆನಪಿದೆ. ತಮಗಾದ ತೊಂದರೆಗೆ ವಿಷಾದಿಸುತ್ತೇನೆ. ತಮ್ಮ ತಂದೆಯವರಿಗೆ ಪ್ರತ್ಯೇಕವಾಗಿ ಬರೆದಿದ್ದೇನೆ. ನಾನು ಮಾಡಿದ್ದು ಕೇವಲ ಶಾಸ್ತ್ರೀಯ ಅಳತೆ, ತಮ್ಮ ಮಗಳು ಅದರಲ್ಲಿ ಒಂದು ಮಾದರಿ ಮಾತ್ರ, ಇದರಲ್ಲಿ ವೈಯಕ್ತಿಕವಾದದ್ದು ಏನೂ ಇಲ್ಲ ಎಂದು ಸ್ಪಷ್ಟಪಡಿಸಿದ್ದೇನೆ.

ಅಳತೆ ಯಾಕೆ ಎಂದು ಕೇಳಿದ್ದೀರಿ. ಮನುಷ್ಯರ ತಲೆ, ಮೂಗು, ಎತ್ತರ ಇವುಗಳಿಂದ ಯಾವ ಜನ ಯಾವ ಜನರಿಗೆ ಹತ್ತಿರ ಎಂದು ತಿಳಿಯುವ ಪ್ರಯತ್ನ ಇದು. ಮಾನವಶಾಸ್ತ್ರ ಎನ್ನುತ್ತಾರೆ. ಇದರಲ್ಲಿ ನಾನು ಎಂ.ಎ. ಮಾಡಿದ್ದೇನೆ. ಹತ್ತನೆಯ ವಯಸ್ಸಿಗೇ ಓದಲೆಂದು ಮಂಗಳೂರಿಗೆ ಹೋದವನು ನಾನು. ನಮ್ಮ ಜನರ ನಡುವೆ ಇದ್ದದ್ದಕ್ಕಿಂತ ನಮ್ಮ ಜನರ ಬಗ್ಗೆ ಓದಿದ್ದೇ ಹೆಚ್ಚು.

ಇದನ್ನು ಓದಿದವರು ಏನಾಗುತ್ತಾರೆ ಎಂದು ಜಯಪ್ಪಮಾವ ದಾರಿಯುದ್ದಕ್ಕೂ ಕೇಳಿದರು. ತಮ್ಮ ಮನೆಯವರಿಗೂ ಅದೇ ಸಂಶಯವಿರಬಹುದು. ನನ್ನ ಜೊತೆ ಓದಿದವರಲ್ಲಿ ಒಬ್ಬ ಜೀವವಿಮೆ ಮಾರುತ್ತಾನೆ. ಜನರ ಸ್ವಭಾವ ಓದಿದ್ದು ಉಪಯೋಗಕ್ಕೆ ಬಂತು ಎನ್ನುತ್ತಾನೆ. ಇನ್ನೊಬ್ಬ ಜನಗಣತಿಯ ಇಲಾಖೆಯನ್ನು ನಂಬಿ ಕೂತಿದ್ದಾನೆ, ಅದು ಹತ್ತು ವರ್ಷಕ್ಕೊಮ್ಮೆ ಏಳುತ್ತದೆ. ಶಿಲಾಶಾಸನ ಓದುವುದನ್ನು ಕಲಿತ ಗೆಳೆಯನೊಬ್ಬ ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಜೋಡಿಸುತ್ತಾನೆ, ಖುಷಿಯಾಗಿಯೇ ಇದ್ದಾನೆ. ನಾನು ಪ್ರೊಫೆಸರರೊಬ್ಬರ ಕೈಕೆಳಗೆ ತಾತ್ಕಾಲಿಕ ಸಹಾಯಕ. ಈ ಅಳತೆಯ ಕೆಲಸ ಚೆನ್ನಾಗಿ ಮುಗಿದರೆ ದೊಡ್ಡ ಮ್ಯೂಸಿಯಂ ಒಂದರಲ್ಲಿ ಕಾಯಂ ಹುದ್ದೆ ಕೊಡಿಸುತ್ತೇನೆ ಎಂದಿದ್ದಾರೆ. ದೇಶದಲ್ಲಿ ಅಂಥ ಹುದ್ದೆಗಳು ಬೆರಳೆಣಿಕೆಯಷ್ಟು.

ತಮ್ಮ ವಿಶ್ವಾಸಿ,
ಮೊಣ್ಣಪ್ಪ


ಚೇರಂಬಾಣೆ,
೯ನೇ ಮಾರ್ಚ್ ೧೯೩೮

ಮೊಣ್ಣಪ್ಪನವರಿಗೆ,

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ನಿಮ್ಮ ಕಾಗದವನ್ನು ಅಪ್ಪ ಜಗಲಿಯಲ್ಲಿ ನಾಲ್ಕು ಜನರ ಎದುರು ಓದಿಸಿದರು. ಓದಿದವಳು ನಾನೇ. "ಮಾದರಿ ಮಾತ್ರ" ಎನ್ನುವಲ್ಲಿಗೆ ಬಂದಾಗ ಅಪ್ಪ ಎದ್ದು ನಿಂತರು. "ನನ್ನ ಮಗ್ಳು ಸಂತೆ ಎತ್ತಾ? ಅಂವ ಹಲ್ಲು ಒಂದ್ ನೋಡಿತ್ಲೆ!" ಎಂದು ಕೂಗಿದರು. ಹಲ್ಲೊಂದನ್ನು ನೀವು ನೋಡಿಲ್ಲ ಎಂದು ಅವರ ಲೆಕ್ಕ. ಹಲ್ಲನ್ನೂ ನೋಡಿದ್ದಿರಿ, ಅದನ್ನು ನಾನು ಹೇಳಲಿಲ್ಲ.

ಈಗ ನಮ್ಮ ಮನೆಗೆ ಎರಡೇ ದಾರಿ. ನೀವು ಬಂದದ್ದು ಹುಡುಗಿ ನೋಡಲು ಎಂದಾದರೆ ನಾನು ನಿಮಗೆ ಗಂಟು ಬಿದ್ದವಳು. ಬರೀ ಅಳೆಯಲು ಎಂದಾದರೆ ಕಲ್ಲುಬೈಲಿನವರು ಹೆಣ್ಣನ್ನು ದನದ ಹಾಗೆ ನಿಲ್ಲಿಸಿ ಅಳೆಯಗೊಟ್ಟವರು. ಅಪ್ಪನಿಗೆ ಎರಡನೆಯದು ಸಹಿಸದು. ಅಜ್ಜಿಗೆ ಮೊದಲನೆಯದೇ ಇಷ್ಟ. ನಮ್ಮ ಬೊಳ್ಳಮ್ಮಜ್ಜಿ ಹಿಡಿದ ಮಾತು ಬಿಡುವವರಲ್ಲ. "ಗೂಡೆನ ತಲೆ ಮುಟ್ಟಿದಂವ ಗೂಡೆನ ಬುಟ್ಟು ಹೋಕೆ ಆದುಲೆ" ಎನ್ನುತ್ತಾರೆ. ಹುಡುಗಿಯ ತಲೆ ಮುಟ್ಟಿದವನು ಹುಡುಗಿಯನ್ನು ಬಿಟ್ಟು ಹೋಗುವಂತಿಲ್ಲವಂತೆ. ನಿಮಗೆ ಅರೆಭಾಷೆ ಮರೆತಿದ್ದರೆ ಎಂದು ಬಿಡಿಸಿ ಬರೆದೆ.

ನನಗೆ ತಿಳಿಯದ್ದು ಒಂದೇ. ದೀಪ, ಮೂಡಣ ದಿಕ್ಕು, ಮುಕ್ಕಾಲಿ. ಮೊಣಕಾಲಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ ಹರಸುವ ಕ್ರಮ. ನಿಮ್ಮ ಮನೆಯ ಮದುವೆಗಳಲ್ಲಿ ಇದನ್ನು ನೀವು ನೋಡಿಲ್ಲವೇ?

ಯಮುನ


ಕಲ್ಕತ್ತಾ,
೩೦ನೇ ಮಾರ್ಚ್ ೧೯೩೮

ಕುಮಾರಿ ಯಮುನ ಅವರಿಗೆ,

ನೋಡಿದ್ದೇನೆ. ಅಷ್ಟೇ ಅಲ್ಲ, ಎಂ.ಎ. ಪರೀಕ್ಷೆಗೆ ನಮ್ಮ ಜನರ ಮದುವೆಯ ಮೇಲೆ ದೀರ್ಘ ಪ್ರಬಂಧ ಬರೆದಿದ್ದೇನೆ. ಮುಕ್ಕಾಲಿ, ತೂಗುದೀಪ, ಅಕ್ಕಿ ಹಾಕುವ ಕ್ರಮ ಎಲ್ಲವೂ ಅದರಲ್ಲಿವೆ. ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ತಮ್ಮ ಮನೆಯಲ್ಲಿ ನಾನು ಬೆಳಕನ್ನೂ ಆಸನವನ್ನೂ ಮಾತ್ರ ನೋಡಿದೆ. ದೀಪದ ಬುಡದಲ್ಲೇ ಕತ್ತಲು ಎಂಬುದಕ್ಕೆ ಇನ್ನೊಂದು ಉದಾಹರಣೆ ಬೇಕಿಲ್ಲ.

ಇಲ್ಲಿಯೂ ಸಮಾಚಾರ ಒಳ್ಳೆಯದಿಲ್ಲ. ನನ್ನ ಅಂಕಿಗಳನ್ನು ಪ್ರೊಫೆಸರರು ನೋಡಿದರು. ಗಂಡಸರದು ಬೇಕಾದಷ್ಟಿದೆ, ಹೆಂಗಸರದು ಏನೇನೂ ಸಾಲದು. ತಮ್ಮ ಮನೆಯ ಸುದ್ದಿ ಹರಡಿದ ಮೇಲೆ ಯಾವ ಮನೆಯವರೂ ಹೆಂಗಸರನ್ನು ನನ್ನ ಎದುರಿಗೆ ಕಳಿಸಲಿಲ್ಲ. ಹೆಂಗಸರ ಅಳತೆಯಿಲ್ಲದೆ ವರದಿಯಿಲ್ಲ, ವರದಿಯಿಲ್ಲದೆ ಹುದ್ದೆಯಿಲ್ಲ.

ಇನ್ನು ತಮ್ಮ ವಿಷಯ. ತೊಂದರೆ ನನ್ನಿಂದಲೇ ಆದದ್ದು. ತಮ್ಮ ಹಿರಿಯರು ಸೂಕ್ತವೆಂದು ಭಾವಿಸಿದರೆ ಜಯಪ್ಪಮಾವನ ಮೂಲಕ ಮದುವೆಯ ವೀಳ್ಯ ಕಳಿಸಲು ನನ್ನ ಆಕ್ಷೇಪಣೆಯಿಲ್ಲ. ಇದನ್ನು ಒಂದು ಕರ್ತವ್ಯವೆಂದು ತಿಳಿದು ಬರೆಯುತ್ತಿದ್ದೇನೆ.

ಮೊಣ್ಣಪ್ಪ


ಚೇರಂಬಾಣೆ,
೧೭ನೇ ಏಪ್ರಿಲ್ ೧೯೩೮

ಮೊಣ್ಣಪ್ಪನವರಿಗೆ,

"ಆಕ್ಷೇಪಣೆಯಿಲ್ಲ" ಎಂಬುದನ್ನು ಓದಿ ಅಡಿಗೆಮನೆಯಲ್ಲಿ ಕೂತು ನಕ್ಕೆ. ಆಮೇಲೆ ಸಿಟ್ಟು ಬಂತು. ಆ ಸಾಲನ್ನು ಬಿಟ್ಟು ಉಳಿದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅದನ್ನೂ ಓದಿದ್ದರೆ ವೀಳ್ಯಕ್ಕೆ ದಿನ ಗೊತ್ತಾಗಿಬಿಡುತ್ತಿತ್ತು. ನಿಮ್ಮ ಕರ್ತವ್ಯಕ್ಕೆ ನನ್ನನ್ನು ಕಟ್ಟಬೇಡಿ. ಅಂಥ ಗಂಡನಿಗಿಂತ ಚೆಟ್ಟಳ್ಳಿಯ ರೈಟರೇ ವಾಸಿ. ಬೇಡ ಎನ್ನುವುದನ್ನಾದರೂ ಬಾಯಿಬಿಟ್ಟು ಹೇಳಿದ.

ಆದರೆ ನಿಮ್ಮ ಕಾಗದದ ನಡುವಿನ ಭಾಗ ನನಗೆ ಉಪಯೋಗಕ್ಕೆ ಬಂತು. ನನಗೊಂದು ಮೂರನೆಯ ದಾರಿ ಹೊಳೆದಿದೆ. ಹೆಂಗಸರ ಅಳತೆಯನ್ನು ನಾನು ಮಾಡುತ್ತೇನೆ. ಇದೇ ಮುಕ್ಕಾಲಿ, ಇದೇ ದೀಪ, ಬಾಗಿಲ ಬೆಳಕಿಗೆ ಇದೇ ಮುಖ. ಈ ನಾಡಿನ ಅಜ್ಜಿಯರು, ಸೊಸೆಯರು, ಲಂಗದ ಹುಡುಗಿಯರು ಎಲ್ಲರೂ ಒಬ್ಬರ ಹಿಂದೆ ಒಬ್ಬರು ಮುಕ್ಕಾಲಿಯ ಮೇಲೆ ಕೂತು ಎದ್ದರೆ ಅವರಲ್ಲಿ ಮದುಮಗಳು ಯಾರು? ಯಾರೂ ಅಲ್ಲ. ಆಗ ನಾನು ಕೂತದ್ದೂ ಬರೀ ಕೂತದ್ದಾಗುತ್ತದೆ. ಯಾರನ್ನೂ ದನದ ಹಾಗೆ ಅಳೆದ ಹಾಗೂ ಆಗುವುದಿಲ್ಲ, ಅಳೆಯುವವಳು ಮನೆಮಗಳೇ ಅಲ್ಲವೇ? ನೀವು ನನ್ನ ತಲೆ ಮುಟ್ಟಿದ್ದು ಕೆಲಸ ಕಲಿಸಿಕೊಡಲು ಎಂದು ನಾನು ಊರಿಗೆ ಹೇಳುತ್ತೇನೆ. ಅದು ಸುಳ್ಳಾಗದ ಹಾಗೆ ನೀವು ಕಲಿಸಿಕೊಡಬೇಕು. ಸಾಮಾನು ಕಳಿಸಿ.

ಯಮುನ


ಕಲ್ಕತ್ತಾ,
೨೧ನೇ ಮೇ ೧೯೩೮

ಯಮುನ ಅವರಿಗೆ,

ಪಾರ್ಸೆಲ್ಲಿನಲ್ಲಿ ತಲೆಯ ಅಳತೆಗೆ ಬಾಗಿದ ಕೈಗಳ ಇಕ್ಕುಳ, ಮೂಗಿಗೆ ಸಣ್ಣದು, ಎತ್ತರಕ್ಕೆ ಜೋಡಿಸುವ ಕೋಲು ಇವೆ. ಇಕ್ಕುಳದ ತುದಿ ಚರ್ಮಕ್ಕೆ ತಾಗಬೇಕು, ಒತ್ತಬಾರದು. ಹುಬ್ಬುಗಳ ನಡುವಿನಿಂದ ಹಿಂದಲೆಯ ಅತಿ ದೂರದ ಬಿಂದುವಿಗೆ ಉದ್ದ. ಕಿವಿಗಳ ಮೇಲೆ ಎಲ್ಲಿ ಅತಿ ಅಗಲವೋ ಅಲ್ಲಿ ಅಗಲ. ತುರುಬು ಬಿಚ್ಚಿಸಬೇಕು. ಮೊದಲು ಮನುಷ್ಯರಲ್ಲದ ಯಾವುದಾದರೂ ಗುಂಡಗಿನ ವಸ್ತುವಿನ ಮೇಲೆ ಅಭ್ಯಾಸ ಮಾಡಿ. ಒಂದೇ ವಸ್ತುವಿಗೆ ಪ್ರತಿಸಲವೂ ಒಂದೇ ಅಳತೆ ಬರುವವರೆಗೆ ತಲೆಗೆ ಕೈ ಹಚ್ಚಬೇಡಿ.

ಪ್ರೊಫೆಸರರಿಗೆ ಹೇಳಿದ್ದೇನೆ. ಮೆಟ್ರಿಕ್ ಹುಡುಗಿಯ ಅಳತೆಯನ್ನು ನಂಬುವುದು ಹೇಗೆ ಎಂದರು. ಅವಳು ಸೀನಿದಾಗ ನಾನು ಇನ್ನೊಮ್ಮೆ ಅಳೆದದ್ದನ್ನು ಅವಳು ಗಮನಿಸಿದ್ದಾಳೆ, ಅಷ್ಟು ಸಾಕು ಎಂದೆ.

ಹಿಂದಿನ ಕಾಗದದಲ್ಲಿ ನಾನು ಬರೆದ ಒಂದು ಸಾಲು ಸರಿಯಿರಲಿಲ್ಲ. ತಮಗೆ ಸಿಟ್ಟು ಬಂದದ್ದು ನ್ಯಾಯವೇ.

ಮೊಣ್ಣಪ್ಪ


ಚೇರಂಬಾಣೆ,
೧೮ನೇ ಡಿಸೆಂಬರ್ ೧೯೩೮

ಮೊಣ್ಣಪ್ಪನವರೇ,

ಮಳೆಗಾಲ ಪೂರ್ತಿ ಕುಂಬಳಕಾಯಿ ಅಳೆದೆ. ಒಂದು ಕುಂಬಳಕ್ಕೆ ನಿಮ್ಮ ಮಾವ ಜಯಪ್ಪನವರ ತಲೆಯ ಆಕಾರವಿತ್ತು, ಅದನ್ನು ಸಾರು ಮಾಡಲು ಮನಸ್ಸಾಗಲಿಲ್ಲ.

ಪುತ್ತರಿ ಹಬ್ಬ ಕಳೆದ ಮೇಲೆ ಕೆಲಸ ಹಿಡಿದೆ. ಮೊದಲು ಕೂರಬೇಕಾದವರು ಅಜ್ಜಿಯೇ ಎಂದು ತೀರ್ಮಾನಿಸಿದ್ದೆ. ಅವರು ಒಪ್ಪಿದರೆ ಊರು ಒಪ್ಪಿದ ಹಾಗೆ. ಒಂದು ವಾರ ಮಾತು ಬಿಟ್ಟರು. ಆಮೇಲೆ ಒಂದು ಬೆಳಿಗ್ಗೆ ತಾವೇ ಮಿಂದು, ಮಡಿ ಸೀರೆಯುಟ್ಟು ಮುಕ್ಕಾಲಿಯ ಮೇಲೆ ಬಂದು ಕೂತರು. ದೀಪ ಹಚ್ಚಿದೆ. ನೋಡಲು ಹಿತ್ತಿಲ ಬಾಗಿಲಲ್ಲಿ ಹೆಂಗಸರು ತುಂಬಿದ್ದರು. ಇಕ್ಕುಳ ಹಿಡಿದಾಗ ಅಜ್ಜಿ ಕಣ್ಣು ಮುಚ್ಚಿಕೊಂಡು, "ನನ್ನ ಮದುವೆಲಿ ಇಷ್ಟ್ ಜನ ಸೇರಿತ್ಲೆ" ಎಂದರು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ನನ್ನ ವರ್ಷದ ಭಾರ ಅರ್ಧ ಇಳಿಯಿತು. ರುದ್ರಮ್ಮನವರೂ ಕೂತರು. ಅಳೆಸಿಕೊಂಡು ಎದ್ದವರು, "ಮದುವೆ ಆಯ್ತಲ್ಲ, ಊಟ ಎಲ್ಲಿ?" ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು.

ಈಗ ಮನೆಮನೆಗೆ ಮುಕ್ಕಾಲಿ ಹೊರಿಸಿಕೊಂಡು ಹೋಗುತ್ತಿದ್ದೇನೆ. ಅಪ್ಪನೇ ಹೊರುತ್ತಾರೆ. ಹೊರಗೆ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಕಾಯುತ್ತಾರೆ. ಹಾಳೆಗಳನ್ನು ಈ ಕಾಗದದ ಜೊತೆ ಕಳಿಸಿದ್ದೇನೆ.

ಒಂದು ಸಂಗತಿ ಪ್ರೊಫೆಸರರಿಗೆ ಹೇಳಿ. ಯಾವ ಮೂಗು ಯಾವ ಜನಾಂಗದ್ದು ಎಂದು ನೀವು ಕಳಿಸಿದ ಪಟ್ಟಿಯ ಪ್ರಕಾರ ಮೂಗಿನ ಅಳತೆ ಹಾಕಿ ನೋಡಿದರೆ ನನ್ನ ಅಮ್ಮ ಒಂದು ಜನಾಂಗ, ನಾನು ಇನ್ನೊಂದು. ಅಮ್ಮನಿಗೆ ಹೇಳಿದೆ. "ಹೆತ್ತದ್ ನಾನೇ, ಗೊತ್ತುಟ್ಟು" ಎಂದರು.

ಇನ್ನೊಂದು, ಯಾರಿಗೂ ಓದಿ ಹೇಳದೆ ಬರೆಯುತ್ತಿದ್ದೇನೆ. ತಲೆಯನ್ನು ಎರಡು ಕೈಯಲ್ಲಿ ಹಿಡಿದಾಗ ಹೆಂಗಸರು ಮಾತಾಡುತ್ತಾರೆ. ಸತ್ತ ಮಗುವಿನದು, ತವರಿನದು, ಯಾರ ಹತ್ತಿರವೂ ಹೇಳದ್ದು. ಅವರ ತಲೆಯನ್ನು ಯಾರೂ ಹಾಗೆ ಮೆಲ್ಲಗೆ ಹಿಡಿದು ಬಹಳ ಕಾಲವಾಗಿರುತ್ತದೆ. ಇದಕ್ಕೆ ನಿಮ್ಮ ಫಾರಮ್ಮಿನಲ್ಲಿ ಜಾಗವಿಲ್ಲ. ಆದರೆ ನನಗೆ ಈ ಕೆಲಸ ಬಹಳ ಇಷ್ಟವಾಗಿದೆ. ಶಾಲೆಯವರು ಈಗ ಕರೆಯುತ್ತಿದ್ದಾರೆ, ನನಗೆ ಮನಸ್ಸಿಲ್ಲ. ಹೆಂಗಸರಿಗೂ ಈ ವಿದ್ಯೆ ಉಂಟೇ? ಕೆಲಸ ಉಂಟೇ?

ಯಮುನ


ಕಲ್ಕತ್ತಾ,
೧೪ನೇ ಫೆಬ್ರವರಿ ೧೯೩೯

ಯಮುನ ಅವರಿಗೆ,

ವಿದ್ಯೆ ಉಂಟು. ಕೆಲಸ ಗಂಡಸರಿಗೇ ಇಲ್ಲ.

ತಮ್ಮ ಹಾಳೆಗಳನ್ನು ಪ್ರೊಫೆಸರರು ತಾವೇ ಕೂತು ಪರಿಶೀಲಿಸಿದರು. ಇಷ್ಟು ಶುದ್ಧವಾದ ಅಳತೆಯನ್ನು ಈಚೆಗೆ ನೋಡಿಲ್ಲ ಎಂದರು. ಅಮ್ಮನ ಮೂಗಿನ ವಿಷಯ ಹೇಳಿದೆ, ಅದನ್ನು ಕೇಳಿಸಿಕೊಳ್ಳಲಿಲ್ಲ. ವರದಿ ಅಚ್ಚಿಗೆ ಸಿದ್ಧವಾಗಿದೆ. ಮ್ಯೂಸಿಯಮ್ಮಿನ ಹುದ್ದೆ ನನಗೇ ಎಂದು ಪ್ರೊಫೆಸರರು ಮಾತು ಕೊಟ್ಟಿದ್ದಾರೆ. ಬೇಸಗೆಯೊಳಗೆ ಆಜ್ಞೆ ಬರುತ್ತದೆ.

ತಮಗೆ ತಿಳಿಸಲೇಬೇಕಾದ ಒಂದು ಮಾತಿದೆ. ಹೆಂಗಸರ ಅಳತೆಯನ್ನು ಯಾರು ಮಾಡಿದರು ಎನ್ನುವಲ್ಲಿ ಪ್ರೊಫೆಸರರು "ಸ್ಥಳೀಯ ಸಹಾಯದಿಂದ" ಎಂದು ಬರೆದಿದ್ದಾರೆ. ಪದವಿಯಿಲ್ಲದವರ ಹೆಸರನ್ನು ಹಾಕುವ ವಾಡಿಕೆಯಿಲ್ಲವಂತೆ.

ಹುದ್ದೆ ಬಂದ ಮೇಲೆ ಊರಿಗೆ ಬರುತ್ತೇನೆ. ಈ ಸಲ ಕರ್ತವ್ಯಕ್ಕಲ್ಲ. ಪುತ್ತರಿಯ ನಂತರದ ತಮ್ಮ ಕಾಗದವನ್ನು ನಾನು ಎಷ್ಟು ಸಲ ಓದಿದ್ದೇನೆಂದು ಹೇಳಿದರೆ ತಾವು ನಗುತ್ತೀರಿ. ತಾವು ಒಪ್ಪಿದರೆ ಮಾತ್ರ ಜಯಪ್ಪಮಾವನಿಗೆ ಹೇಳುತ್ತೇನೆ.

ಮೊಣ್ಣಪ್ಪ


ಚೇರಂಬಾಣೆ,
೫ನೇ ಮಾರ್ಚ್ ೧೯೩೯

ಮೊಣ್ಣಪ್ಪನವರೇ,

ನಗಲಿಲ್ಲ.

ಹೆಸರು ಹೋಯಿತೆಂದು ನಿಮಗೆ ಮೊದಲ ಕಾಗದ ಬರೆದೆ. ಅದನ್ನು ಸರಿಮಾಡಿಕೊಳ್ಳಲು ಮುಕ್ಕಾಲಿ ಹೊರಿಸಿಕೊಂಡು ಮನೆಮನೆ ತಿರುಗಿದೆ. ಈಗ ಅಚ್ಚಿನಲ್ಲಿ ನನ್ನ ಹೆಸರು ಮತ್ತೆ ಇಲ್ಲ. ಆದರೆ ನಿಮ್ಮ ಮೊದಲ ಹಾಳೆಯಲ್ಲಿ ಕಲ್ಲುಬೈಲು ಯಮುನ ಎಂದು ನನ್ನ ತಲೆಯ ಎದುರು ಬರೆದಿದ್ದಿರಿ, ಅದು ಇರುತ್ತದೆ ಅಲ್ಲವೇ? ಅಳೆದವಳು ಯಾರೂ ಅಲ್ಲ, ಅಳೆಸಿಕೊಂಡವಳು ನಾನು. ಹಾಗಾದರೆ ನಾನು ಬರೀ ಮುಕ್ಕಾಲಿಯ ಮೇಲೆ ಕೂತವಳು, ರುದ್ರಮ್ಮ ಅಂದು ಹೇಳಿದ್ದೇ ಸರಿ.

ನೀವು ಅಲ್ಲಿ ಸುಮ್ಮನೆ ಕೂತಿದ್ದಿರಿ ಎನ್ನುವುದೇ ನನಗೆ ನೋವು ತಂದದ್ದು. ವೀಳ್ಯದ ಮಾತು ಈಗ ಬೇಡ. ಸಾಮಾನು ನನ್ನಲ್ಲೇ ಇರಲಿ. ಬೇಕಾದರೆ ಸ್ಥಳೀಯ ಸಹಾಯದಿಂದ ತರಿಸಿಕೊಳ್ಳಿ.

ಯಮುನ


ಚೆಟ್ಟಳ್ಳಿ,
೨೬ನೇ ಜೂನ್ ೧೯೩೯

ಯಮುನ ಅವರಿಗೆ,

ವಿಳಾಸ ನೋಡಿ ಆಶ್ಚರ್ಯವಾಗಬಹುದು. ನಡೆದದ್ದನ್ನು ಕ್ರಮವಾಗಿ ತಿಳಿಸುತ್ತೇನೆ.

ತಮ್ಮ ಕಾಗದ ಬಂದ ಮರುದಿನ ಪ್ರೊಫೆಸರರ ಬಳಿಗೆ ಹೋದೆ. ಅಳೆದವರ ಹೆಸರನ್ನು ಹಾಕದಿದ್ದರೆ ನಾನು ಮಾಡಿದ ಗಂಡಸರ ಅಳತೆಯ ಮೇಲೂ ನನ್ನ ಹೆಸರು ಬೇಡ, ಆ ಹಾಳೆಗಳನ್ನು ವಾಪಸು ಕೊಡಿ ಎಂದೆ. ಅವರು ಪೈಪಿಗೆ ಹೊಗೆಸೊಪ್ಪು ತುಂಬಿದರು. ಮ್ಯೂಸಿಯಮ್ಮಿನಲ್ಲಿ ಶಿಸ್ತು ಮುಖ್ಯ ಎಂದು ಹೇಳಿ ಹಾಳೆಗಳನ್ನು ವಾಪಸು ಕೊಟ್ಟರು. ಆ ಹುದ್ದೆಗೆ ಈಗ ಬೇರೊಬ್ಬರು ಬಂದಿದ್ದಾರೆ. ಒಳ್ಳೆಯ ಹುಡುಗ, ಎಲ್ಲದಕ್ಕೂ ಹೂಂ ಎನ್ನುತ್ತಾನೆ.

ಇಲ್ಲಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಖಾಲಿಯಿತ್ತು. ಎಂ.ಎ. ಓದಿದ್ದು ಈ ಕೆಲಸಕ್ಕೆ ಅಡ್ಡಿಯಲ್ಲ ಎಂದರು ದೊರೆ. ತಮ್ಮನ್ನು ಬೇಡವೆಂದ ರೈಟರ್ ಬಡ್ತಿಯ ಮೇಲೆ ಮಾದಾಪುರದ ಕಡೆ ಹೋಗಿದ್ದಾನೆ. ಅವನ ಮೇಜು ನನ್ನದಾಗಿದೆ. ಬೆಳಿಗ್ಗೆ ಕೂಲಿಯವರ ಲೈನಿನ ಮುಂದೆ ಹಾಜರಿ ಕೂಗುತ್ತೇನೆ. ಮುತ್ತಿ, ಜವರಿ, ಚೋಮಿ ಎಂದು ಹೆಸರು ಹಿಡಿದೇ ಕರೆಯುತ್ತೇನೆ. ಹಳೆಯ ರೈಟರ್ "ಏಯ್" ಎನ್ನುತ್ತಿದ್ದನಂತೆ. ಮೊದಲ ದಿನವೇ ಚೋಮಿ, "ಈ ರೈಟ್ರು ಹೆಸ್ರು ಕೂಗ್ತಾರೆ, ಎಷ್ಟ್ ದಿನ ಇರ್ತಾರೋ" ಎಂದಳು.

ಮ್ಯೂಸಿಯಂ ತಪ್ಪಿದ್ದಕ್ಕೆ ದುಃಖವಿಲ್ಲ ಎಂದರೆ ಸುಳ್ಳಾಗುತ್ತದೆ. ತುಂಬ ದುಃಖವಿದೆ. ಗಾಜಿನ ಪೆಟ್ಟಿಗೆಗಳ ನಡುವೆ ಓಡಾಡುವ ಹಾಗೆ ಕನಸು ಬೀಳುತ್ತದೆ. ಆದರೆ ತಮಗೆ ಬರೆಯಲು ನಾಚಿಕೆಯಿಲ್ಲದ ಸ್ಥಿತಿ ಈಗ ಬಂದಿದೆ ಎಂದು ಬರೆಯುತ್ತಿದ್ದೇನೆ. ಬೇರೇನನ್ನೂ ಕೇಳುತ್ತಿಲ್ಲ.

ಮೊಣ್ಣಪ್ಪ


ಚೇರಂಬಾಣೆ,
೨೩ನೇ ಜುಲೈ ೧೯೩೯

ಮೊಣ್ಣಪ್ಪನವರೇ,

ಏನು ಬರೆಯಬೇಕೆಂದು ತಿಳಿಯದೆ ಇಷ್ಟು ದಿನ ಬಿಟ್ಟೆ. ಅಷ್ಟರಲ್ಲಿ ಇನ್ನೊಂದು ಕಾಗದ ಬಂತು. ಕಲ್ಕತ್ತೆಯದು, ನಿಮ್ಮ ಪ್ರೊಫೆಸರರದು. ನಿಮ್ಮ ಗಂಡಸರ ಹಾಳೆಗಳಿಲ್ಲದೆ ವರದಿ ನಿಂತುಹೋಯಿತೋ ಏನೋ, ಅಂತೂ ನನ್ನ ಹೆಸರು ಸೇರಿಸಿದ್ದಾರೆ. ಹೆಂಗಸರ ಅಳತೆಯ ಅಚ್ಚಿನ ಹಾಳೆ ಕಳಿಸಿದ್ದಾರೆ. "ಕುಮಾರಿ ಕೆ. ಡಿ. ಯಮುನ" ಎಂದಿದೆ. ಅಪ್ಪ ಅದನ್ನು ಜಗಲಿಯಲ್ಲಿ ಓದಿಸಿದರು. ಈ ಸಲವೂ ಓದಿದವಳು ನಾನೇ.

ಅಷ್ಟೇ ಅಲ್ಲ. ಅವರ ಮುಂದಿನ ಅಳತೆ ಛೋಟಾನಾಗಪುರದ ಕಡೆಯಂತೆ. ಅಲ್ಲಿಯೂ ಹೆಂಗಸರು ಗಂಡಸರಿಗೆ ತಲೆ ಕೊಡುವುದಿಲ್ಲ. ಎರಡು ವರ್ಷದ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆ. ಕೆಲಸದ ಜೊತೆಗೆ ಕಾಲೇಜಿನಲ್ಲಿ ಓದಲು ಕೂಡ ವ್ಯವಸ್ಥೆ. ಅಪ್ಪ ಹೂಂ ಎಂದಿದ್ದಾರೆ.

ಹುದ್ದೆ ಕಳೆದುಕೊಂಡು ಕೂತದ್ದು ನೀವು, ಎದ್ದು ಹೊರಟದ್ದು ನಾನು. ಹೋಗಬೇಕೋ ಬೇಡವೋ ನೀವು ಹೇಳಿ. ನೀವು ಬೇಡ ಎಂದರೆ ನಾನು ಹೋಗದೆ ಇರುತ್ತೇನೆ ಎಂದಲ್ಲ. ಆದರೆ ನಿಮ್ಮಿಂದ ಕೇಳಬೇಕು.

ಯಮುನ


ಚೆಟ್ಟಳ್ಳಿ,
೨೮ನೇ ಜುಲೈ ೧೯೩೯

ಯಮುನ,

ಹೋಗಿ. ಓದಿ ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೋಗಿ. ಅಲ್ಲಿ ಚಳಿ ಜಾಸ್ತಿ, ಕಂಬಳಿ ಇರಲಿ. ಇಕ್ಕುಳದ ತಿರುಪಿಗೆ ಎಣ್ಣೆ ಹಾಕುತ್ತಿರಿ.

ಮೊಣ್ಣಪ್ಪ


ಕಲ್ಕತ್ತಾ,
೨೪ನೇ ಆಗಸ್ಟ್ ೧೯೩೯

ಮೊಣ್ಣಪ್ಪನವರೇ,

ಸುಖವಾಗಿ ತಲುಪಿದೆ. ಅಪ್ಪ ಜೊತೆಗೆ ಬಂದು ಬಿಟ್ಟು ಹೋದರು.

ಹೊರಟ ದಿನ ನಿಮ್ಮನ್ನು ನೋಡಲೆಂದು ನಾನು ಚೆಟ್ಟಳ್ಳಿಯಲ್ಲಿ ಬಸ್ಸು ನಿಲ್ಲಿಸಿ ಇಳಿದಾಗ ಅಪ್ಪನೂ ಜೊತೆಗೆ ಇಳಿದರು. ಫ್ರೇಸರ್‌ಪೇಟೆ ಸೇತುವೆ ದಾಟಿದ ಮೇಲೆ, "ಅಂವ ಸೊರಗಿಯುಟ್ಟು" ಎಂದರು ಅಷ್ಟೆ. ಸೊರಗಿದ್ದೀರಿ, ನಿಜ.

ನಿಮ್ಮ ತಲೆಯನ್ನು ಅಳೆಯಬೇಕು ಎಂದಾಗ ಲೈನಿನ ಹೆಂಗಸರೆಲ್ಲ ಸ್ಟೋರಿನ ಬಾಗಿಲಿಗೆ ಬಂದು ನಿಂತರಲ್ಲ! ಅಲ್ಲಿ ಮುಕ್ಕಾಲಿ ಇರಲಿಲ್ಲವೆಂದು ಕಾಫಿ ಮೂಟೆಯ ಮೇಲೆ ಕೂರಿಸಿದೆ. ಈ ನಾಡಿನಲ್ಲಿ ಎಲ್ಲರನ್ನೂ ಅಳೆದವರು ನೀವು, ನಿಮ್ಮನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಎರಡು ಸಲ ಅಳೆದರೂ ಅಂಕಿ ಬೇರೆ ಬೇರೆ ಬಂತು. ಹಾಗಾಗಿ ಅದನ್ನು ಯಾವ ಹಾಳೆಯಲ್ಲೂ ಬರೆದಿಲ್ಲ.

ಹೊರಡುವ ಹಿಂದಿನ ದಿನ ಅಜ್ಜಿಗೆ ಹೇಳಿದ್ದೆ, ದಾರಿಯಲ್ಲಿ ನಿಮ್ಮ ತಲೆ ಅಳೆದು ಹೋಗುತ್ತೇನೆ ಎಂದು. ಅಜ್ಜಿ, "ತಲೆ ಮುಟ್ಟಿದ ಮೇಲೆ ನೀನ್ ಅಂವನ ಬುಟ್ಟು ಹೋಕೆ ಆದುಲೆ, ತಿಳ್ಕ" ಎಂದರು. ತಿಳಿದೇ ಮುಟ್ಟಿದೆ.

ಎರಡು ವರ್ಷ.

ನಿಮ್ಮ,
ಯಮುನ


ಚೆಟ್ಟಳ್ಳಿ,
೧೭ನೇ ಸೆಪ್ಟೆಂಬರ್ ೧೯೩೯

ಪ್ರಿಯ ಯಮುನ,

ಯುದ್ಧದ ಸುದ್ದಿ ಅಲ್ಲಿಯೂ ಬಂದಿರುತ್ತದೆ. ಎರಡು ವರ್ಷ ಮೂರಾಗಬಹುದು, ನಾಲ್ಕಾಗಬಹುದು. ರೈಲುಗಳು ಮೊದಲಿನ ಹಾಗಿರುವುದಿಲ್ಲ ಎಂದು ದೊರೆ ಹೇಳುತ್ತಿದ್ದರು. ಅವರ ತಮ್ಮ ಸೈನ್ಯ ಸೇರಿದನಂತೆ. ಕಾಫಿಗೆ ಬೆಲೆ ಬರುತ್ತದೋ ಬೀಳುತ್ತದೋ ಯಾರಿಗೂ ತಿಳಿಯದು. ಮಳೆ ಕಡಿಮೆಯಾಗಿದೆ.

ಕಳೆದ ವಾರ ರಜೆ ಹಾಕಿ ಚೇರಂಬಾಣೆಗೆ ಹೋಗಿದ್ದೆ. ಜಯಪ್ಪಮಾವನನ್ನು ಕರೆದುಕೊಂಡು ಹೋಗಲಿಲ್ಲ. ಅಜ್ಜಿ ಜಗಲಿಯಲ್ಲಿ ಇದ್ದರು. ಬಂದ ಕಾರಣ ಕೇಳಿದರು. ಉಳಿ, ಸುತ್ತಿಗೆ, ಹಲಸಿನ ಮರದ ಒಂದು ತುಂಡನ್ನು ಚೀಲದಿಂದ ತೆಗೆದು ತೋರಿಸಿದೆ. ಅವರು ಒಳಗೆ ದಾರಿ ಬಿಟ್ಟರು.

ಮುಕ್ಕಾಲಿಯ ಕಾಲು ಸರಿಮಾಡಿದೆ. ಬೆಣೆ ಹೊಡೆದು, ನಾನೇ ಕೂತು ನೋಡಿದೆ. ಇನ್ನು ಎಷ್ಟು ವರ್ಷವಾದರೂ ಅಲುಗುವುದಿಲ್ಲ.

ನಿನ್ನ,
ಮೊಣ್ಣಪ್ಪ